ಟ್ರಂಪೆಟ್ಟಿನ ಮೌತ್‌ಪೀಸ್: ಕೊಳ್ಳುವ ಮೊದಲು ತುಟಿಯನ್ನು ಕೇಳಿರಿ

ಮದುವೆಯ ಕಾಲ ಬಂತೆಂದರೆ ಕೋಲ್ಕತಾದ ಮಹಾತ್ಮಾ ಗಾಂಧಿ ರಸ್ತೆಯ ಬ್ಯಾಂಡ್ ಅಂಗಡಿಗಳಿಗೆ ಬಿಡುವೆಂಬುದಿಲ್ಲ. ಹಿಂದೆ ಹ್ಯಾರಿಸನ್ ರೋಡ್ ಎನ್ನಿಸಿಕೊಳ್ಳುತ್ತಿದ್ದ ಈ ರಸ್ತೆಯಲ್ಲಿ ಮೆಹಬೂಬ್ ಬ್ಯಾಂಡ್ ಮೊದಲಾದ ಹಲವು ವಾದ್ಯಮೇಳಗಳ ಮಳಿಗೆಗಳಿವೆ. ಅಲ್ಲಿ ಊದುವವರಲ್ಲಿ ಬಹುಮಂದಿ ಬಿಹಾರದ ಹಳ್ಳಿಗಳಿಂದ ಬಂದವರು. ಊರು ಬಿಟ್ಟು ಬಂದು ದುಡಿದು ಮನೆಗೆ ಹಣ ಕಳಿಸುವುದರಲ್ಲಿ ಅವರೂ ನಾವೂ ಒಂದೇ. ನಮ್ಮ ಕೈ ಸುಟ್ಟರೆ ಹೋಟೆಲಿನ ಕೆಲಸ ನಿಲ್ಲುವಂತೆ, ಅವರ ತುಟಿ ಬಾತರೆ ಆ ಋತುವಿನ ಸಂಪಾದನೆಯೇ ನಿಲ್ಲುತ್ತದೆ.

ನಮ್ಮ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಕನ್ನಡ ತರುಣರಲ್ಲಿ ಟ್ರಂಪೆಟ್ ಕಲಿಯುವ ಹಂಬಲವುಳ್ಳವರು ಇಲ್ಲದಿಲ್ಲ. ಅವರು ಹಣ ಕೂಡಿಸಿಕೊಂಡು ಲಾಲ್‌ಬಜಾರಿನ ಬಳಿ ರವೀಂದ್ರ ಸರಣಿಯ ವಾದ್ಯದಂಗಡಿಗಳಿಗೆ ಹೋಗುತ್ತಾರೆ. ಅಲ್ಲಿ ಟ್ರಂಪೆಟ್ಟಿನ ಹೊಳಪನ್ನು ನೋಡುತ್ತಾರೆ, ಮೂರು ಕವಾಟಗಳನ್ನು ಒತ್ತಿ ನೋಡುತ್ತಾರೆ, ಬೆಲೆಯನ್ನು ಚೌಕಾಸಿ ಮಾಡುತ್ತಾರೆ. ಆದರೆ ತುಟಿಗೆ ತಗಲುವ ಮೂರೂವರೆ ಇಂಚಿನ ಮೌತ್‌ಪೀಸನ್ನು ಮಾತ್ರ ಅಂಗಡಿಯವನು ಕೊಟ್ಟಂತೆಯೇ ತೆಗೆದುಕೊಳ್ಳುತ್ತಾರೆ. ಇದು ಸರಿಯಲ್ಲವೆಂದು ಹೇಳುವುದೇ ಈ ಲೇಖನದ ಉದ್ದೇಶ.

ನಾದ ಹುಟ್ಟುವುದೆಲ್ಲಿ?

ಟ್ರಂಪೆಟ್ಟಿನಲ್ಲಿ ನಾದ ಹುಟ್ಟುವುದು ಹಿತ್ತಾಳೆಯಲ್ಲಲ್ಲ, ಊದುವವನ ತುಟಿಯಲ್ಲಿ. ಉಸಿರಿನ ಬಲದಿಂದ ತುಟಿಗಳೆರಡೂ ಅದುರುತ್ತವೆ. ಆ ಅದುರನ್ನು ಸುಮಾರು ನಾಲ್ಕೂವರೆ ಅಡಿ ಉದ್ದದ ಕೊಳವೆಯು ಸ್ವರವನ್ನಾಗಿ ಬೆಳೆಸುತ್ತದೆ. ತುಟಿಗೂ ಕೊಳವೆಗೂ ನಡುವೆ ನಿಂತು ಸಂಧಾನ ಮಾಡುವುದು ಮೌತ್‌ಪೀಸ್. ನಮ್ಮ ಊರಿನ ಓಲಗದವರಿಗೆ ಈ ತತ್ತ್ವ ಹೊಸದಲ್ಲ. ನಾಗಸ್ವರದವರು ವಾದ್ಯಕ್ಕೆ ದಾರದಲ್ಲಿ ಹಲವು ಪೀಪಿಗಳನ್ನು ತೂಗುಬಿಟ್ಟುಕೊಂಡಿರುವುದನ್ನು ವಾಚಕರು ದೇವಸ್ಥಾನದ ಉತ್ಸವಗಳಲ್ಲಿ ಕಂಡಿರಬಹುದು. ಒಂದು ಒಗ್ಗದಿದ್ದರೆ ಇನ್ನೊಂದನ್ನು ಸಿಕ್ಕಿಸಿ, ತುಟಿಯಲ್ಲಿ ನೆನೆಸಿ, ಊದಿ ನೋಡಿ, ಅನಂತರವೇ ರಾಗಕ್ಕೆ ತೊಡಗುತ್ತಾರೆ.

ಅಂಗಾಂಗಗಳು

ಮೌತ್‌ಪೀಸಿನಲ್ಲಿ ಮುಖ್ಯವಾಗಿ ಗಮನಿಸತಕ್ಕವು ನಾಲ್ಕು: ತುಟಿಗೆ ತಗಲುವ ಅಂಚು, ಒಳಗಿನ ಬಟ್ಟಲು, ಬಟ್ಟಲಿನ ತಳದ ರಂಧ್ರ, ಮತ್ತು ಟ್ರಂಪೆಟ್ಟಿನೊಳಕ್ಕೆ ಹೋಗುವ ಬಾಲ.

ಅಂಚು ಅಗಲವಾಗಿದ್ದರೆ ಒತ್ತಡವು ಹಂಚಿಹೋಗಿ ತುಟಿ ಬೇಗ ಸೋಲುವುದಿಲ್ಲ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಚುರುಕುತನ ಸ್ವಲ್ಪ ಕಡಿಮೆಯಾಗುತ್ತದೆ. ಒಳ ಅಂಚು ಚೂಪಾಗಿದ್ದರೆ ಸ್ವರದ ಆರಂಭ ಸ್ಪಷ್ಟ, ಆದರೆ ತುಟಿಗೆ ನೋವು. ಬಟ್ಟಲಿನ ಬಾಯಿ ಸಾಮಾನ್ಯವಾಗಿ 16ರಿಂದ 17 ಮಿಲಿಮೀಟರ್ ಅಗಲವಿರುತ್ತದೆ. ಅದು ಅಗಲವಾದಷ್ಟೂ ನಾದ ತುಂಬಿಬರುತ್ತದೆ, ತುಟಿಗೆ ಶ್ರಮವೂ ಹೆಚ್ಚುತ್ತದೆ. ಬಟ್ಟಲು ಆಳವಾಗಿದ್ದರೆ ಧ್ವನಿ ದುಂಡಗೆ, ಗಂಭೀರವಾಗಿರುತ್ತದೆ. ಆಳ ಕಡಿಮೆಯಾದರೆ ಹರಿತವಾಗಿ ಹೊಳೆಯುತ್ತದೆ. ಬೀದಿಯ ಮೆರವಣಿಗೆಯಲ್ಲಿ ಡೋಲುಗಳ ಮೇಲೆ ಕೇಳಿಸಬೇಕಾದವನಿಗೆ ಈ ಹರಿತ ಬೇಕಾಗಬಹುದು. ಕೋಣೆಯಲ್ಲಿ ನಾಲ್ಕು ಜನರ ಮುಂದೆ ನುಡಿಸುವವನಿಗೆ ಅದೇ ಕರ್ಕಶವೆನಿಸುವುದು. ತಳದ ರಂಧ್ರವು ಹಲವು ಮಾದರಿಗಳಲ್ಲಿ 3.66 ಮಿಲಿಮೀಟರ್. ಇದನ್ನು ಕೊರೆದು ದೊಡ್ಡದು ಮಾಡಿಸಿದರೆ ಉಸಿರು ಸರಾಗವಾಗುವುದೆಂದು ನಂಬಿ ಒಳ್ಳೆಯ ಮೌತ್‌ಪೀಸನ್ನು ಕೆಡಿಸಿಕೊಳ್ಳಬಾರದು. ಕೊರೆದುದನ್ನು ಮತ್ತೆ ತುಂಬಲಾಗದು.

ಸಂಖ್ಯೆಗಳ ಗೊಂದಲ

ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ವಿನ್ಸೆಂಟ್ ಬಾಕ್ ಎಂಬ ಟ್ರಂಪೆಟ್ ವಾದಕರು 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ತಯಾರಿಸಲಾರಂಭಿಸಿದರು. ಅವರ ಅಂಕಿಗಳೇ ಇಂದಿಗೂ ವ್ಯಾಪಾರದ ಮಾತಾಗಿವೆ. ಬಾಕ್ ಕ್ರಮದಲ್ಲಿ ಅಂಕಿ ಹೆಚ್ಚಿದಷ್ಟೂ ಬಟ್ಟಲಿನ ಬಾಯಿ ಕಿರಿದು. ಅಕ್ಷರವು ಎ ಇಂದ ಮುಂದಕ್ಕೆ ಹೋದಷ್ಟೂ ಆಳ ಕಡಿಮೆ. ಜಪಾನಿನ ಯಮಾಹಾ ಕ್ರಮದಲ್ಲಿ ಎರಡೂ ತಿರುಗುಮುರುಗು: ಅಂಕಿ ಹೆಚ್ಚಿದರೆ ಬಾಯಿ ಅಗಲ, ಅಕ್ಷರ ಮುಂದೆ ಹೋದರೆ ಬಟ್ಟಲು ಆಳ. ಇದನ್ನರಿಯದೆ ಒಂದು ಕಂಪೆನಿಯ ಅಂಕಿಯನ್ನು ಇನ್ನೊಂದರಲ್ಲಿ ಕೇಳಿದರೆ ಬೇಕಾದುದಕ್ಕೆ ವಿರುದ್ಧವಾದುದೇ ಕೈಸೇರುತ್ತದೆ. ಕಲಿಯುವವರ ಟ್ರಂಪೆಟ್ಟಿನೊಡನೆ ಸಾಮಾನ್ಯವಾಗಿ ಬರುವುದು ಬಾಕ್ 7ಸಿ ಅಥವಾ ಯಮಾಹಾ 11ಬಿ4. ಮೊದಲನೆಯದರ ಬಾಯಿ ಸುಮಾರು 16.2, ಎರಡನೆಯದು ಸುಮಾರು 16.5 ಮಿಲಿಮೀಟರ್. ಎರಡೂ ಮಧ್ಯಮ ಅಳತೆಯವು. ಆರಂಭಕ್ಕೆ ಇವುಗಳಿಂದ ತೊಂದರೆಯಿಲ್ಲ.

ದೊಡ್ಡ ವಿದ್ವಾಂಸರು ಬಳಸುವ ಅಂಕಿಯನ್ನೇ ಕೊಳ್ಳಬೇಕೆಂಬ ಚಪಲ ಕೆಲವರಿಗುಂಟು. ನಮ್ಮ ಕಸುಬಿನಿಂದಲೇ ಉದಾಹರಣೆ ಹೇಳುವುದಾದರೆ, ಹೆಸರಾಂತ ಭಟ್ಟರ ಕಾವಲಿಯನ್ನು ತಂದು ಒಲೆಯ ಮೇಲಿಟ್ಟ ಮಾತ್ರಕ್ಕೆ ದೋಸೆ ಅವರ ದೋಸೆಯಾಗುವುದಿಲ್ಲ. ಹಾಗೆಯೇ ಆಳವಿಲ್ಲದ ಬಟ್ಟಲು ತಾರಸ್ವರಕ್ಕೆ ಹೊಳಪು ಕೊಡಬಲ್ಲುದೇ ಹೊರತು ಅಭ್ಯಾಸವಿಲ್ಲದವನಿಗೆ ತಾರಸ್ವರವನ್ನೇ ದಾನ ಮಾಡಲಾರದು. ದಪ್ಪ ತುಟಿಗೆ ದೊಡ್ಡದು, ತೆಳು ತುಟಿಗೆ ಚಿಕ್ಕದು ಎಂಬ ಮಾತನ್ನೂ ಪೂರ್ತಿ ನೆಚ್ಚುವಂತಿಲ್ಲ. ತುಟಿಯ ಹಿಂದಿರುವ ಹಲ್ಲುಗಳ ಸಾಲೂ ಲೆಕ್ಕಕ್ಕೆ ಬರುತ್ತದೆ.

ವಾದ್ಯಕ್ಕೂ ಒಗ್ಗಬೇಕು

ಬ್ಯಾಂಡುಗಳಲ್ಲಿ ಟ್ರಂಪೆಟ್ಟಿನ ತಮ್ಮನಂತಿರುವ ಕಾರ್ನೆಟ್ ಕೂಡ ಇರುತ್ತದೆ. ಕಾರ್ನೆಟ್ಟಿನ ಮೌತ್‌ಪೀಸಿನ ಬಾಲ ಸಣ್ಣದು. ಟ್ರಂಪೆಟ್ಟಿಗೆ ಹಾಕಿದರೆ ಒಳಕ್ಕೆ ಜಾರಿ ಅಲುಗಾಡುತ್ತದೆ. ಟ್ರಂಪೆಟ್ಟಿನದು ಕಾರ್ನೆಟ್ಟಿಗೆ ಹಿಡಿಯುವುದೇ ಇಲ್ಲ. ಬಾಲವು ಬಿಗಿಯಾಗಿ, ಅಲುಗದೆ ಕುಳಿತುಕೊಳ್ಳಬೇಕು. ಕಾಗದ ಸುತ್ತಿ, ದಾರ ಸುತ್ತಿ ಬಿಗಿ ಮಾಡಿದರೆ ಸದ್ಯಕ್ಕೆ ಕೆಲಸ ನಡೆದೀತು. ಆದರೆ ಶ್ರುತಿ ಕೆಡುತ್ತದೆ. ಸ್ವರ ಕೂಡದಿದ್ದಾಗ ವಾದಕನು ತನ್ನ ಕಿವಿಯನ್ನೂ ಉಸಿರನ್ನೂ ನಿಂದಿಸಿಕೊಳ್ಳುತ್ತಾನೆ, ದೋಷವಿರುವುದು ಮಾತ್ರ ಬಾಲದಲ್ಲಿ. ಆದುದರಿಂದ ಮೌತ್‌ಪೀಸ್ ಕೊಳ್ಳಲು ಹೋಗುವಾಗ ತಮ್ಮ ಟ್ರಂಪೆಟ್ಟನ್ನು ಜೊತೆಗೆ ಒಯ್ಯತಕ್ಕದ್ದು.

ಪರೀಕ್ಷಿಸುವ ಬಗೆ

ಒಂದು ಬಾರಿಗೆ ಎರಡು ಮೂರಕ್ಕಿಂತ ಹೆಚ್ಚು ನೋಡಬಾರದು. ತುಟಿ ದಣಿದರೆ ತೀರ್ಪು ಕೆಡುತ್ತದೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ವಸ್ತುವಾದುದರಿಂದ ಮೊದಲು ಸಾಬೂನು ನೀರಿನಿಂದ ತೊಳೆಯಬೇಕು. ಕೆಳಗಿನ ಸ್ವರವೊಂದನ್ನು ಮೆಲ್ಲಗೆ, ದೀರ್ಘವಾಗಿ ಊದಬೇಕು, ಬಳಿಕ ಸ್ವರಾವಳಿ, ಬಳಿಕ ಚೆನ್ನಾಗಿ ಬರುವ ಹಾಡೊಂದು. ಗೆಳೆಯನೊಬ್ಬನನ್ನು ದೂರದಲ್ಲಿ ನಿಲ್ಲಿಸಿ ಕೇಳಲು ಹೇಳಿದರೆ ಉತ್ತಮ, ಏಕೆಂದರೆ ಊದುವವನಿಗೆ ಕೇಳುವ ನಾದವೂ ಎದುರಿನವನಿಗೆ ಕೇಳುವ ನಾದವೂ ಒಂದಲ್ಲ. ಹೊಸದು ಮೊದಲ ಐದು ನಿಮಿಷ ಎಲ್ಲರಿಗೂ ಚೆನ್ನಾಗಿಯೇ ತೋರುತ್ತದೆ. ಕಾಲು ಗಂಟೆಯ ಅನಂತರ ಅದು ಹೇಗಿದೆಯೆಂಬುದೇ ನಿಜವಾದ ಪರೀಕ್ಷೆ. ತುಟಿ ಮರಗಟ್ಟಿದರೆ, ಸ್ವರ ಮೇಲೇರಲು ಒತ್ತಿ ಹಿಡಿಯಲೇಬೇಕಾದರೆ, ಅದನ್ನು ಬಿಡುವುದೇ ಲೇಸು. ಒತ್ತಿ ಊದುವ ಅಭ್ಯಾಸ ಎಂಥವರನ್ನೂ ಬಿಡದು. ಜಗತ್ಪ್ರಸಿದ್ಧ ಲೂಯಿ ಆರ್ಮ್‌ಸ್ಟ್ರಾಂಗ್ ಅವರೇ ತುಟಿಯ ಬೇನೆಯಿಂದ 1935ರಲ್ಲಿ ಕೆಲವು ತಿಂಗಳು ಟ್ರಂಪೆಟ್ಟನ್ನು ಕೆಳಗಿಡಬೇಕಾಯಿತು.

ಇನ್ನೊಂದು ಎಚ್ಚರಿಕೆ. ಹಳೆಯ ಮೌತ್‌ಪೀಸಿನ ಅಂಚಿನಲ್ಲಿ ಬೆಳ್ಳಿಯ ಲೇಪ ಸವೆದು ಹಳದಿ ಲೋಹ ಕಾಣುತ್ತಿದ್ದರೆ ಕೊಳ್ಳಬೇಡಿರಿ. ಬರಿಯ ಹಿತ್ತಾಳೆ ಹಲವರ ತುಟಿಗೆ ಉರಿ ತರುತ್ತದೆ. ಹೋಟೆಲಿನ ಪಾತ್ರೆಯಂತೆ ಇದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಲೂಬಾರದು. ಬೆಚ್ಚನೆಯ ಸಾಬೂನು ನೀರು, ಸಣ್ಣದೊಂದು ಬ್ರಷ್, ಒಣಬಟ್ಟೆ, ಇಷ್ಟು ಸಾಕು. ಬಾಲವು ಒಳಗೆ ಸಿಕ್ಕಿಕೊಂಡರೆ ಇಕ್ಕಳ ಹಾಕದೆ ರಿಪೇರಿಯವರಲ್ಲಿಗೆ ಒಯ್ಯಬೇಕು.

ಬ್ಯಾಂಡಿನಲ್ಲಿ ದುಡಿಯುವವನ ಟ್ರಂಪೆಟ್ ಅನೇಕ ವೇಳೆ ಮಾಲೀಕನದು. ಆದರೂ ಮೌತ್‌ಪೀಸ್ ಒಂದನ್ನು ಅವನು ಸ್ವಂತಕ್ಕೆ ಇಟ್ಟುಕೊಳ್ಳಬಹುದು. ಜೇಬಿನಲ್ಲಿ ಹಿಡಿಯುವ ವಸ್ತುವದು. ಕಲಿಯಲಿಚ್ಛಿಸುವ ನಮ್ಮ ತರುಣರಿಗೂ ನಾವು ಹೇಳುವುದಿಷ್ಟೇ: ಟ್ರಂಪೆಟ್ ಹಳೆಯದಾದರೆ ಚಿಂತೆಯಿಲ್ಲ, ಎರವಲಾದರೂ ಅಡ್ಡಿಯಿಲ್ಲ, ತುಟಿ ಮಾತ್ರ ನಿಮ್ಮದು, ಒಂದೇ ಒಂದು. ಅದಕ್ಕೆ ಒಪ್ಪುವುದನ್ನು ಸಾವಧಾನದಿಂದ ಆರಿಸಿರಿ; ಆರಿಸಿದ ಮೇಲೆ ತಿಂಗಳಿಗೊಮ್ಮೆ ಬದಲಾಯಿಸದೆ ಅದರಲ್ಲಿಯೇ ಸಾಧನೆ ಮಾಡಿರಿ.