ಸರ್ಪಸುತ್ತಿನ ಮೂಲ: ನರಕೋಶದೊಳಗೆ ಹರ್ಪಿಸ್ ವೈರಸ್

ಮಕ್ಕಳಿಗೆ ‘ಅಮ್ಮ’ ಬಂದಿದೆ ಎಂದು ಬೇವಿನ ಸೊಪ್ಪು ಹಾಸಿ ಮಲಗಿಸುವ ಸೀತಾಳೆ ಸಿಡುಬಿಗೂ, ವಯಸ್ಸಾದವರನ್ನು ಹೆಚ್ಚಾಗಿ ಕಾಡುವ ಸರ್ಪಸುತ್ತಿಗೂ ಕಾರಣ ಒಂದೇ ವೈರಸ್. ಅದು ಹರ್ಪಿಸ್ ಕುಟುಂಬಕ್ಕೆ ಸೇರಿದ ವ್ಯಾರಿಸೆಲ್ಲಾ ಜೋಸ್ಟರ್. ಸೀತಾಳೆ ಸಿಡುಬು ವಾಸಿಯಾದ ಮೇಲೂ ಇದು ದೇಹವನ್ನು ಬಿಟ್ಟುಹೋಗದೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಅಂದರೆ ಸ್ಪರ್ಶ ಮತ್ತು ನೋವಿನ ಸುದ್ದಿಯನ್ನು ಮಿದುಳಿನತ್ತ ಕಳಿಸುವ ನರಕೋಶಗಳ ಗುಂಪುಗಳಲ್ಲಿ, ದಶಕಗಳ ಕಾಲ ಅಡಗಿದ್ದು, ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಎದ್ದು ಅದೇ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಕುಟುಂಬ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ರೋಗಿಗಳ ಹದಿನಾರು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 1965ರಲ್ಲಿ ಈ ವಾದವನ್ನು ಮಂಡಿಸಿದರು.

ಇದೇ ಕುಟುಂಬದ ಹರ್ಪಿಸ್ ಸಿಂಪ್ಲೆಕ್ಸ್, ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಗಳಿಗೆ ಕಾರಣವಾಗಿದ್ದು, ಮುಖದ ನರಗಂಟಿನಲ್ಲಿ ಬೀಡುಬಿಡುತ್ತದೆ. ಚರ್ಮದಿಂದ ನರಗಂಟಿನವರೆಗಿನ ಹಾದಿ ವೈರಸ್‌ನ ಪಾಲಿಗೆ ಬಹು ದೂರ. ಅದು ತಾನಾಗಿ ತೇಲಿಕೊಂಡು ಹೋಗಬೇಕಾದರೆ ನರತಂತುವಿನೊಳಗೆ ಒಂದು ಸೆಂಟಿಮೀಟರ್ ಸಾಗಲು ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾದೀತು ಎಂಬ ಅಂದಾಜಿದೆ. ಆದ್ದರಿಂದ ಅದು ನರಕೋಶದ ಸಾಗಣೆ ವ್ಯವಸ್ಥೆಯನ್ನೇ ಬಳಸಿಕೊಳ್ಳುತ್ತದೆ: ಸೂಕ್ಷ್ಮನಳಿಕೆಗಳೆಂಬ ಹಳಿಗಳ ಮೇಲೆ ಚಲಿಸುವ ಡೈನೀನ್ ಎಂಬ ಪ್ರೋಟೀನು ಅದನ್ನು ಒಳಕ್ಕೆ ಒಯ್ದರೆ, ಕೈನೆಸಿನ್ ಪ್ರೋಟೀನುಗಳು ಎಚ್ಚೆತ್ತ ವೈರಸ್ಸನ್ನು ಹೊರಕ್ಕೆ ಸಾಗಿಸುತ್ತವೆ. ಕೋಶಕೇಂದ್ರವನ್ನು ತಲುಪಿದ ವೈರಸ್‌ನ ಡಿಎನ್‌ಎ ಉಂಗುರದಂತೆ ಮುಚ್ಚಿಕೊಂಡು, ಬಹುತೇಕ ಎಲ್ಲ ಜೀನ್‌ಗಳನ್ನೂ ಮೌನವಾಗಿಸಿಕೊಂಡು ಉಳಿಯುತ್ತದೆ. ಇದನ್ನು ಸುಪ್ತಾವಸ್ಥೆ ಎನ್ನುತ್ತಾರೆ. ನರಕೋಶಗಳು ವಿಭಜನೆಯಾಗದೆ ಮನುಷ್ಯನ ಜೀವಮಾನವಿಡೀ ಬಾಳುವುದರಿಂದ ಅಡಗುವುದಕ್ಕೆ ಅವುಗಳಿಗಿಂತ ಭದ್ರವಾದ ತಾಣ ಸಿಗುವುದು ಕಷ್ಟ.

ಈ ಮೌನ ಹೇಗೆ ಉಳಿಯುತ್ತದೆ, ಏಕೆ ಮುರಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸದ ದೊಡ್ಡ ಪಾಲು ನಡೆಯುವುದು ಪಿಎಚ್.ಡಿ. ನಂತರದ, ಅಂದರೆ ಪೋಸ್ಟ್‌ಡಾಕ್ಟರಲ್ ಸಂಶೋಧಕರ ಕೈಯಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದ ವಿದ್ಯಾರ್ಥಿಯೊಬ್ಬರು ಡಾಕ್ಟರೇಟ್ ಪಡೆದ ಬಳಿಕ, ಸ್ವತಂತ್ರ ವಿಜ್ಞಾನಿಯಾಗುವ ಮುನ್ನ ಹಿರಿಯರೊಬ್ಬರ ಪ್ರಯೋಗಾಲಯದಲ್ಲಿ ಕಳೆಯುವ ಕೆಲವು ವರ್ಷಗಳೇ ಈ ಹಂತ. ಬದುಕಿರುವ ಮನುಷ್ಯನ ನರಗಂಟನ್ನು ತೆಗೆದು ನೋಡುವಂತಿಲ್ಲವಾದ್ದರಿಂದ, ಅವರು ರಕ್ತ ಅಥವಾ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ಬದಲಿಸಿ ಅವುಗಳಿಂದ ನರಕೋಶ ಬೆಳೆಸುತ್ತಾರೆ. ಕೂದಲೆಳೆಗಿಂತ ಸಣ್ಣ ಕಾಲುವೆಗಳಿಂದ ಜೋಡಿಸಿದ ಎರಡು ಕೋಣೆಗಳ ತಟ್ಟೆಯಲ್ಲಿ ಕೋಶದ ಒಡಲನ್ನು ಒಂದೆಡೆ, ತಂತುಗಳ ತುದಿಯನ್ನು ಇನ್ನೊಂದೆಡೆ ಇರಿಸಿ, ತುದಿಗೆ ಮಾತ್ರ ವೈರಸ್ ಸೋಕಿಸಿ, ಹೊಳೆಯುವ ಬಣ್ಣದ ಗುರುತು ಹೊತ್ತ ಅದರ ಕಣಗಳು ಕಾಲುವೆ ದಾಟುವುದನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸುತ್ತಾರೆ. ಹೀಗೆ ನರಕೋಶ ಬೆಳೆಸುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಮನೋರೋಗಗಳ ಅಧ್ಯಯನಕ್ಕಾಗಿ ಇದನ್ನು ಜೊತೆಯಾಗಿ ಬಳಸಿವೆ.

ಈ ಶ್ರಮ ಅಗತ್ಯವೇಕೆಂದರೆ, ಈಗಿರುವ ಔಷಧಗಳು ಎಚ್ಚೆತ್ತ ವೈರಸ್‌ನ ಮೇಲಷ್ಟೇ ಕೆಲಸ ಮಾಡುತ್ತವೆ. 1988ರ ನೊಬೆಲ್ ಪುರಸ್ಕೃತೆ ಗರ್ಟ್ರೂಡ್ ಎಲಿಯನ್ ಅವರ ತಂಡ ರೂಪಿಸಿದ ಅಸೈಕ್ಲೋವಿರ್, ವೈರಸ್‌ನದೇ ಕಿಣ್ವದಿಂದ ಚುರುಕುಗೊಂಡು ಅದರ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ; ಮಲಗಿರುವ ವೈರಸ್‌ಗೆ ಅದು ತಾಕುವುದೇ ಇಲ್ಲ. ಸಿಂಪ್ಲೆಕ್ಸ್ ಅಪರೂಪಕ್ಕೆ ಮಿದುಳನ್ನೇ ಹೊಕ್ಕಾಗ ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಶೇ 70ರಷ್ಟು ರೋಗಿಗಳು ಸಾಯುತ್ತಾರೆ. ನಿಮ್ಹಾನ್ಸ್‌ನ ನರವೈರಾಣು ವಿಭಾಗದಂಥ ಪ್ರಯೋಗಾಲಯಗಳು ಬೆನ್ನುಹುರಿ ದ್ರವದಲ್ಲಿ ವೈರಸ್‌ನ ಡಿಎನ್‌ಎಯನ್ನು ಪಿಸಿಆರ್ ಪರೀಕ್ಷೆಯಿಂದ ಹುಡುಕುವುದು ಇಂಥ ರೋಗಿಗಳಿಗಾಗಿ.

ಇನ್ನು ಸರ್ಪಸುತ್ತಿನ ವಿಷಯಕ್ಕೆ ಬಂದರೆ, ಸರ್ಪದ ತಲೆ ಮತ್ತು ಬಾಲ ಕೂಡಿದರೆ ಜೀವ ಹೋಗುತ್ತದೆ ಎಂಬ ಭಯದಿಂದ ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿಯುವ ರೂಢಿ ಇಂದಿಗೂ ಇದೆ. ಆದರೆ ಒಂದು ನರಗಂಟು ಮೈಯ ಒಂದೇ ಬದಿಯ ಒಂದು ಪಟ್ಟಿಯನ್ನು ಮಾತ್ರ ಕಾಯುವುದರಿಂದ, ಗುಳ್ಳೆಗಳ ಸಾಲು ಸಾಮಾನ್ಯವಾಗಿ ಮೈಯ ನಡುಗೆರೆಯ ಹತ್ತಿರ ತಾನಾಗಿಯೇ ನಿಲ್ಲುತ್ತದೆ. ಭಯಪಡಬೇಕಾದದ್ದು ಸುತ್ತು ಪೂರ್ತಿಯಾಗುವುದಕ್ಕಲ್ಲ, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯಬಲ್ಲ ನರದ ಉರಿನೋವಿಗೆ, ಹಣೆ-ಮೂಗಿನ ಮೇಲೆ ಎದ್ದರೆ ಕಣ್ಣಿಗೆ ಒದಗಬಹುದಾದ ಹಾನಿಗೆ. ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಹೆಚ್ಚು ಪ್ರಯೋಜನ. 50 ದಾಟಿದವರಿಗೆ 2023ರಿಂದ ಭಾರತದಲ್ಲಿಯೂ ಎರಡು ಡೋಸುಗಳ ಲಸಿಕೆ ಸಿಗುತ್ತಿದೆ. ಮಲಗಿದ ವೈರಸ್ಸನ್ನು ನರದೊಳಗೇ ಇಲ್ಲವಾಗಿಸುವ ದಾರಿಯನ್ನು ಸಂಶೋಧಕರು ಹುಡುಕುತ್ತಿರುವಾಗ, ಕೆಮ್ಮಣ್ಣು ಒಣಗಲೆಂದು ಕಾದು ಆ ಮೂರು ದಿನಗಳನ್ನು ಕಳೆದುಕೊಳ್ಳದಿರುವುದು ಪ್ರತಿ ಮನೆಯವರ ಕೈಯಲ್ಲೇ ಇದೆ.