ಒಪ್ಪಿಗೆ ಒತ್ತುವ ಮುನ್ನ

ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ. ನನ್ನ ಮುಂದಿದ್ದ ಹುಡುಗನಿಗೆ ಸಾಲದ ಅರ್ಜಿಗೆಂದು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಿತ್ತು. ಪಿಡಿಎಫ್ ಅನ್ನು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸಿ, ಪ್ರಿಂಟ್ ಹಿಡಿದು ಹೊರಟ. ಅವನ ಸಂಬಳ, ಮನೆ ಬಾಡಿಗೆ, ಔಷಧಿ ಅಂಗಡಿಗೆ ಕೊಟ್ಟ ಹಣ ಎಲ್ಲವೂ ಆ ಕಂಪ್ಯೂಟರಿನಲ್ಲೇ ಉಳಿಯಿತು.

ವಂಚಕರಿಗೆ ಇಂಥ ವಿವರಗಳೇ ಬಂಡವಾಳ. ಯಾರಿಗೆ ಎಷ್ಟು ಸಂಬಳ, ಯಾವ ಬ್ಯಾಂಕು ಎಂಬುದು ಗೊತ್ತಿದ್ದವನ ಫೋನ್ ಕರೆಯನ್ನು ನಾವು ಬೇಗ ನಂಬುತ್ತೇವೆ. ಇದೇ ಪಿಡಿಎಫ್‌ನಲ್ಲಿ ಅಂಕಿ ತಿದ್ದಿ ಸಾಲ ಎತ್ತುವವರೂ ಇದ್ದಾರೆ.

ಈ ಸೋರಿಕೆ ತಡೆಯುವ ದಾರಿ ನಮ್ಮಲ್ಲೇ ಇದೆ. ಅದರ ಹೆಸರು ಅಕೌಂಟ್ ಅಗ್ರಿಗೇಟರ್. ಗ್ರಾಹಕರ ಒಪ್ಪಿಗೆಯ ಮೇಲೆ ಬ್ಯಾಂಕ್ ವಿವರ ಹಂಚುವ, ಹೊರದೇಶಗಳ ಓಪನ್ ಬ್ಯಾಂಕಿಂಗ್‌ ಪದ್ಧತಿಗೆ ಭಾರತ ಕೊಟ್ಟ ರೂಪ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಎಂಟು ಬ್ಯಾಂಕ್‌ಗಳು ಕೈಜೋಡಿಸಿ ವ್ಯವಸ್ಥೆ ಶುರುವಾಯಿತು. ಇಲ್ಲಿ ಲೆಕ್ಕದ ವಿವರ ನಿಮ್ಮ ಬ್ಯಾಂಕಿನಿಂದ ಸಾಲ ಕೊಡುವವರಿಗೆ ಗೂಢಲಿಪಿಯಲ್ಲಿ ಹೋಗುತ್ತದೆ. ನಡುವಿನ ಅಗ್ರಿಗೇಟರ್ ಊರಿನ ಅಂಚೆಯವರಿದ್ದಂತೆ: ಲಕೋಟೆ ತಲುಪಿಸಬಹುದು, ಒಡೆದು ಓದುವಂತಿಲ್ಲ. ದಾರಿಯಲ್ಲಿ ತಿದ್ದಲು ಯಾರ ಕೈಗೂ ಕಾಗದ ಸಿಗುವುದಿಲ್ಲ.

ಇನ್ನೊಂದು ಪಿಡುಗು ಮ್ಯೂಲ್ ಖಾತೆ. ಕಮಿಷನ್ ಆಸೆಗೆ ಬಿದ್ದವರು ತಮ್ಮ ಖಾತೆಯನ್ನೇ ವಂಚಕರಿಗೆ ಬಿಟ್ಟುಕೊಡುತ್ತಾರೆ. ಕದ್ದ ಹಣ ನಿಮಿಷಗಳಲ್ಲಿ ನಾಲ್ಕಾರು ಬ್ಯಾಂಕ್ ದಾಟುತ್ತದೆ. ಪ್ರತಿ ಬ್ಯಾಂಕಿಗೂ ಕಾಣುವುದು ತನ್ನ ಅಂಗಳದ ಹೆಜ್ಜೆ ಮಾತ್ರ. ಇಂಥ ಖಾತೆಗಳ ಜಾಡು ಹಿಡಿಯಲೆಂದೇ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನ ರೂಪಿಸಿದೆ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಹೊತ್ತಿಗೆ ಒದಗಿಸುವಂತೆ ಬ್ಯಾಂಕ್‌ಗಳಿಗೆ ಸೂಚನೆಯೂ ಬಂತು.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಮೋಸಹೋಗಿ ತಾವೇ ಹಣ ಕಳಿಸಿದ ಗ್ರಾಹಕರಿಗೆ 2024ರ ಅಕ್ಟೋಬರ್‌ನಿಂದ ಅಲ್ಲಿ ಪರಿಹಾರ ಕಡ್ಡಾಯ. ಮಿತಿ 85,000 ಪೌಂಡ್. ಹಣ ಕಳಿಸಿದ ಬ್ಯಾಂಕು, ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ನಷ್ಟ ತನ್ನ ಮೈಮೇಲೂ ಬರುತ್ತದೆಂದಾಗ ಕಳ್ಳ ಖಾತೆಯ ಮೇಲೆ ಬ್ಯಾಂಕಿನ ಕಣ್ಣು ತಾನಾಗಿ ಹರಿತವಾಗುತ್ತದೆ. ನಮ್ಮಲ್ಲೂ ಈ ಹೊಣೆ ಹಂಚಿಕೆ ಬರಲೇಬೇಕು.

ಮತ್ತೆ ಅಕೌಂಟ್ ಅಗ್ರಿಗೇಟರ್‌ಗೆ ಬರೋಣ. ಅಲ್ಲಿ ಎಲ್ಲವೂ ನಿಂತಿರುವುದು ಗ್ರಾಹಕರ ಒಪ್ಪಿಗೆಯ ಮೇಲೆ. ವಿವರ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನ ಎಂದು ಮೊಬೈಲ್ ಪರದೆ ಹೇಳುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಈ ನಾಲ್ಕು ಸಾಲು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಅರ್ಥವಾಗದೆ ಒತ್ತಿದ ಗುಂಡಿಯನ್ನು ಒಪ್ಪಿಗೆ ಎನ್ನಲಾಗದು.

ಒತ್ತುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಅರ್ಜಿ ಹಾಕಿದ್ದು ನಾನೇನಾ? ಅಲ್ಲವೆಂದಾದರೆ ಅಲ್ಲಿಗೇ ನಿಲ್ಲಿಸಿ. ಹಣ ಆಗಲೇ ಹೋಗಿದ್ದರೆ ನಾಚಿಕೆ ಬದಿಗಿಟ್ಟು, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.