ದಂಡಿನ ವೃತ್ತಾಂತವೂ ರಮ್ಯ ಕಾದಂಬರಿಯೂ

ನಮ್ಮ ಹೊಸೂರಿನ ಕೋಟೆ 1791ರ ಜುಲೈ ತಿಂಗಳಲ್ಲಿ ಇಂಗ್ಲಿಷರ ವಶವಾಯಿತು. ಅದು ಮೂರನೆಯ ಮೈಸೂರು ಯುದ್ಧದ ಕಾಲ. ಯುದ್ಧ ಮುಗಿದ ಮರುವರ್ಷ, 1793ರಲ್ಲಿ, ಅದರಲ್ಲಿ ಭಾಗವಹಿಸಿದ್ದ ಮೇಜರ್ ಡಿರೋಮ್ ಎಂಬ ಅಧಿಕಾರಿ ಆ ದಂಡಯಾತ್ರೆಯ ವೃತ್ತಾಂತವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ಕೋಲ್‌ಬ್ರೂಕ್, ಅಲನ್ ಎಂಬ ಸೇನಾಧಿಕಾರಿಗಳು ಈ ಸೀಮೆಯ ದುರ್ಗಗಳ ಚಿತ್ರಗಳನ್ನು ಪ್ರಕಟಿಸಿದರು. ಫಿರಂಗಿಯನ್ನು ಎಲ್ಲಿ ನಿಲ್ಲಿಸಬೇಕೆಂದು ನೋಡಿ ಪಳಗಿದ ಕಣ್ಣುಗಳು ಅವು. ಆದರೆ ಇಂಗ್ಲೆಂಡಿನಲ್ಲಿ ಆಗ ಕಡಿದಾದ ಬೆಟ್ಟ, ಪಾಳು ಕೋಟೆ, ದೂರದೇಶ ಎಂದರೆ ಜನರಿಗೆ ಮೈ ಜುಮ್ಮೆನ್ನುವ ಕಾಲ. ಸಾವನದುರ್ಗದ ಬಂಡೆ ಅವರಿಗೆ ಅದ್ಭುತವಾಗಿ ಕಂಡಿತು. ರಮ್ಯ ಸಾಹಿತ್ಯ ತಲೆಯೆತ್ತುತ್ತಿದ್ದುದೂ ಆಗಲೇ.

ಆ ಸಾಹಿತ್ಯದ ಹಿರಿಯ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್. ಅವನು 1827ರಲ್ಲಿ 'ದಿ ಸರ್ಜನ್ಸ್ ಡಾಟರ್', ಅಂದರೆ 'ವೈದ್ಯನ ಮಗಳು', ಎಂಬ ಕಥೆಯನ್ನು ಬರೆದನು. ಹಿಂದೂದೇಶವನ್ನು ಅವನು ಕಂಡವನಲ್ಲ. ನೆರೆಯಲ್ಲಿದ್ದ ಕರ್ನಲ್ ಜೇಮ್ಸ್ ಫರ್ಗುಸನ್ ಇಲ್ಲಿ ಸೇವೆ ಸಲ್ಲಿಸಿ ಹೋಗಿದ್ದವನು. ಅವನಿಂದ ಕೇಳಿ ತಿಳಿದು ಸ್ಕಾಟ್ ಬರೆದನು. ಕಥೆಯ ದುಷ್ಟನು ತನ್ನನ್ನು ನಂಬಿದ ಹುಡುಗಿಯನ್ನು ಬೆಂಗಳೂರಿನಲ್ಲಿ ಟಿಪ್ಪುವಿಗೆ ಒಪ್ಪಿಸಲು ಹೊರಡುತ್ತಾನೆ. ಫಕೀರನ ವೇಷದಲ್ಲಿದ್ದ ಹೈದರನು ವೇಷ ಕಳಚಿ ನ್ಯಾಯ ಹೇಳುತ್ತಾನೆ. ಆನೆ ದುಷ್ಟನನ್ನು ತುಳಿದು ಕೊಲ್ಲುತ್ತದೆ. ಓದಲು ಸೊಗಸು, ನಮ್ಮ ಯಕ್ಷಗಾನದ ಕೊನೆಯಂತೆ! ಚರಿತ್ರೆಯಲ್ಲಿ ಹೀಗೇನೂ ನಡೆಯಲಿಲ್ಲ.

ಸೈನಿಕರ ಬರಹವೆಲ್ಲ ನಿಷ್ಪಕ್ಷಪಾತವೆಂದು ನಾವು ಹೇಳುವುದಿಲ್ಲ. ಗೆದ್ದವರ ಲೇಖನಿ ಅದು. ಆದರೂ ಅದರಲ್ಲಿ ಎತ್ತುಗಳ ಲೆಕ್ಕವಿರುತ್ತದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದವರೆಗೆ ಹೋಗಿದ್ದನು. ಮೇವಿಲ್ಲದೆ ಎತ್ತುಗಳು ಸತ್ತವು, ದಂಡಿಗೆ ಅಕ್ಕಿ ಮುಗಿಯಿತು, ಮಳೆ ಹಿಡಿಯಿತು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ಅವನೇ ಒಡೆಸಿ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮುಂದೆ ಆ ದಂಡಿಗೆ ಅನ್ನವಿತ್ತವರಲ್ಲಿ ಎತ್ತಿನ ಮೇಲೆ ಧಾನ್ಯ ಹೇರಿ ತಂದ ಲಂಬಾಣಿಗರು ಮುಖ್ಯರು. ರಮ್ಯ ಕಾದಂಬರಿಯಲ್ಲಿ ಆನೆಗೆ ಪಾತ್ರ ಸಿಕ್ಕಿತು. ಈ ಎತ್ತುಗಳಿಗೆ ಸಿಗಲಿಲ್ಲ.

ಹೊಸೂರಿನ ಸಂಗತಿಯೂ ಇದೇ. ಫಿರಂಗಿ ಒಡೆದು ಎರಡು ತಿಂಗಳಾಗುವಷ್ಟರಲ್ಲಿ ಇಂಗ್ಲಿಷರ ದಂಡು ಬೆಂಗಳೂರಿನಿಂದ ಇತ್ತ ತಿರುಗಿತು. ಹೊಸೂರು, ರಾಯಕೋಟೆಗಳನ್ನು ಅವರು ಹಿಡಿದದ್ದು, ಕೆಳಗಿನ ಸೀಮೆಯಿಂದ ಅಕ್ಕಿಯ ಮೂಟೆಗಳು ಮೇಲೇರಿ ಬರುವ ಘಟ್ಟದ ದಾರಿಗಾಗಿ.